ತಲಕಾಡು: ಮರಳು, ಐತಿಹ್ಯ ಮತ್ತು ಆಚರಣೆ

ಗಂಗರ ರಾಜಧಾನಿಯಾಗಿದ್ದ ಕಾವೇರಿ ತೀರದ ತಲಕಾಡನ್ನು ಕಾಲಾಂತರದಲ್ಲಿ ಮರಳು ಆವರಿಸಿತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಬಳಿಕ, ಒಡವೆಗಳಿಗಾಗಿ ಸೈನಿಕರು ಬೆನ್ನಟ್ಟಿದಾಗ ಅಲಮೇಲಮ್ಮ ನದಿಗೆ ಹಾರುವ ಮುನ್ನ ಶಪಿಸಿದಳೆಂಬುದು ಐತಿಹ್ಯ. ಊರಿಗೆ ಮರಳು, ಮಾಲಂಗಿಗೆ ಮಡು, ಮೈಸೂರು ದೊರೆಗೆ ಸಂತಾನಹೀನತೆ ಎಂಬ ಮೂರು ಅಂಶಗಳು ಆ ಶಾಪದಲ್ಲಿವೆ. ನದಿಪಾತ್ರದ ಬದಲಾವಣೆ, ಮಾಧವಮಂತ್ರಿ ಅಣೆಕಟ್ಟು ಹಾಗೂ ಗಾಳಿಯ ಚಲನೆಯನ್ನು ವಿದ್ವಾಂಸರು ಕಾರಣಗಳೆಂದು ಗುರುತಿಸಿದ್ದಾರೆ.

ಮರಳು ಮುಂದುವರಿದಂತೆ ನಿವಾಸಿಗಳು ಮನೆಗಳನ್ನು ತೊರೆದು ಒಳಕ್ಕೆ ಸರಿದರು; ಆದರೆ ದೇಗುಲಗಳನ್ನು ತೊರೆಯಲಿಲ್ಲ. ಕಾರ್ತಿಕ ಮಾಸದ ವಿಶಿಷ್ಟ ಸೋಮವಾರದಂದು, ಹಲವು ವರ್ಷಗಳಿಗೊಮ್ಮೆ ಜರುಗುವ ಪಂಚಲಿಂಗ ದರ್ಶನಕ್ಕಾಗಿ ಗುಡಿಗಳ ಮರಳನ್ನು ತೆಗೆಯುವುದು ರೂಢಿ. 2009, 2013 ಹಾಗೂ 2020ರಲ್ಲಿ ಈ ದರ್ಶನ ನಡೆಯಿತು. ಶಾಪದ ಕಥೆ ಊರಿನ ನಷ್ಟವನ್ನು ನೆನಪಿನಲ್ಲಿ ಉಳಿಸಿದರೆ, ಈ ಆಚರಣೆ ಹೂತದ್ದನ್ನು ಮತ್ತೆ ಬೆಳಕಿಗೆ ತರುತ್ತದೆ. ಆದ್ದರಿಂದ ಇವೆರಡನ್ನೂ ಒಟ್ಟಿಗೆ ಅಧ್ಯಯನ ಮಾಡುವುದು ಸೂಕ್ತ.