ಸಿಗಡಿಯ ಮೈಯಲ್ಲಿರುವ ನಂಜುನಿರೋಧಕ ವಸ್ತುಗಳು

ದನಕರುಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದಾಗ ಅವುಗಳ ರಕ್ತದಲ್ಲಿ ಆ ರೋಗವನ್ನು ಗುರುತಿಸಿ ಎದುರಿಸುವ ಪ್ರತಿಕಾಯಗಳು ಹುಟ್ಟುತ್ತವೆ. ಸಿಗಡಿ, ಏಡಿ, ಬಸವನಹುಳು, ಕಪ್ಪೆಚಿಪ್ಪುಗಳಲ್ಲಿ ಪ್ರತಿಕಾಯಗಳಿಲ್ಲ. ಆದರೂ ಅವು ರೋಗಾಣುಗಳಿರುವ ನೀರಿನಲ್ಲಿಯೇ ಬದುಕುತ್ತವೆ. ಹೊಸಹೊಳಲು, ಕೃಷ್ಣರಾಜಪೇಟೆ, ಪಾಂಡವಪುರದ ಕಡೆ ಕೊಳಗಳಲ್ಲಿ ಸಿಹಿನೀರು ಸಿಗಡಿ ಸಾಕಬಯಸುವ ರೈತರು ಇದರ ಕಾರಣವನ್ನು ತಿಳಿದಿರುವುದು ಒಳ್ಳೆಯದು.

ರಕ್ಷಣೆಯ ಬಗೆ

ಹೊರಚಿಪ್ಪು ಮೊದಲ ತಡೆ. ಅದನ್ನು ದಾಟಿದ ರೋಗಾಣುಗಳನ್ನು ರಕ್ತಕಣಗಳು ನುಂಗುತ್ತವೆ. ಪೆನೈಡಿನ್, ಕ್ರಸ್ಟಿನ್ ಎಂಬ ಸಣ್ಣ ಪ್ರೋಟೀನುಗಳು ಹೆಚ್ಚಾಗಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ. ರಕ್ತಕ್ಕೆ ನೀಲಿ ಛಾಯೆ ಕೊಡುವ, ತಾಮ್ರವುಳ್ಳ ಹಿಮೊಸಯನಿನ್ ಆಮ್ಲಜನಕವನ್ನು ಒಯ್ಯುವುದಲ್ಲದೆ ನಂಜಾಣುಗಳನ್ನೂ ತಡೆಯಬಲ್ಲದು. ಅಬಲೋನಿ ಎಂಬ ಕಡಲ ಬಸವನಹುಳುವಿನ ಹಿಮೊಸಯನಿನ್, ಹರ್ಪಿಸ್ ವೈರಸ್ ಜೀವಕೋಶಗಳನ್ನು ಹೊಗದಂತೆ ತಡೆದುದು ಪ್ರಯೋಗಶಾಲೆಯಲ್ಲಿ ಕಂಡುಬಂದಿದೆ. ಆದರೆ ಇದಿನ್ನೂ ಔಷಧಿಯಾಗಿಲ್ಲ. ಚಿಪ್ಪುಜೀವಿಗಳನ್ನು ತಿಂದರೆ ನಂಜುರೋಗ ವಾಸಿಯಾಗುತ್ತದೆಂದು ನಂಬಬಾರದು.

ರಕ್ಷಣೆಯ ಮಿತಿ

ಸಮುದ್ರ ಸಿಗಡಿಯ ಬಿಳಿಚುಕ್ಕೆ ರೋಗದ ವೈರಸ್ ಈ ರಕ್ಷಣೆಯನ್ನು ಮೀರುತ್ತದೆ. 1990ರ ದಶಕದ ನಡುವಿನಿಂದ ಭಾರತದ ಕರಾವಳಿಯ ಸಿಗಡಿ ಕೃಷಿಗೆ ಅದು ಭಾರೀ ನಷ್ಟ ತಂದಿತು. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದಲ್ಲಿ ಇದನ್ನು ಪಿ.ಸಿ.ಆರ್. ವಿಧಾನದಿಂದ ಪತ್ತೆಹಚ್ಚುವ ಬಗ್ಗೆ ಸಂಶೋಧನೆ ನಡೆದಿದೆ. ಸಿಹಿನೀರಿನ ದೊಡ್ಡ ಸಿಗಡಿ ಬಿಳಿಚುಕ್ಕೆ ವೈರಸ್ಸನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ; ಆದರೆ ರೋಗ ತೋರದೆ ಅದನ್ನು ಹೊತ್ತಿರಬಲ್ಲದು. ಇದರ ಮರಿಗಳಿಗೆ ಬಿಳಿಬಾಲ ರೋಗದ ಭಯ ಹೆಚ್ಚು. ಬಾಲದ ಮಾಂಸ ಹಾಲಿನಂತೆ ಬೆಳ್ಳಗಾಗಿ ಮರಿಗಳು ಕೆಲವೇ ದಿನಗಳಲ್ಲಿ ಸಾಯುತ್ತವೆ.

ಅನುಸರಿಸಬೇಕಾದ ಕ್ರಮಗಳು

ರೇಷ್ಮೆಹುಳುವಿಗೆ ಹಾಲುತೊಂಡೆ ರೋಗ ಬಂದ ಮೇಲೆ ಮದ್ದಿಲ್ಲ, ಶುಚಿತ್ವವೇ ಕಾಪಾಡಬೇಕು. ಸಿಗಡಿಯ ನಂಜುರೋಗಗಳೂ ಹಾಗೆಯೇ.

1. ವೈರಸ್ ಪರೀಕ್ಷೆಯಾದ ಮರಿಗಳನ್ನೇ ಕೊಳ್ಳಬೇಕು.

2. ಬೆಳೆ ತೆಗೆದ ಮೇಲೆ ಕೊಳವನ್ನು ಮಣ್ಣು ಬಿರಿಯುವವರೆಗೆ ಒಣಗಿಸಿ, ಮಣ್ಣು ಪರೀಕ್ಷೆಗೆ ತಕ್ಕಂತೆ ಸುಣ್ಣ ಹಾಕಬೇಕು.

3. ಮರಿಗಳನ್ನು ಒತ್ತೊತ್ತಾಗಿ ಬಿಡಬಾರದು. ಪೊರೆ ಕಳಚಿದಾಗ ಸಿಗಡಿ ಮೆತ್ತಗಿರುವುದರಿಂದ ಅಡಗಲು ಆಸರೆ ಒದಗಿಸಬೇಕು.

4. ಹಸಿ ಸಿಗಡಿ, ಏಡಿಯ ತ್ಯಾಜ್ಯವನ್ನು ಮೇವಾಗಿ ಹಾಕಬಾರದು.

5. ಸತ್ತ ಸಿಗಡಿಗಳನ್ನು ಸುಣ್ಣ ಹಾಕಿ ಹೂಳಬೇಕು. ಅವುಗಳನ್ನಾಗಲಿ ಕೊಳದ ನೀರನ್ನಾಗಲಿ ನಾಲೆಗೆ ಬಿಟ್ಟರೆ ಕೆಳಗಿನ ಕೊಳಗಳಿಗೂ ರೋಗ ಹರಡುತ್ತದೆ.

6. ನಂಜುರೋಗಕ್ಕೆ ಆಂಟಿಬಯೋಟಿಕ್ ಕೊಡುವುದು ವ್ಯರ್ಥ ಖರ್ಚು. ಸಾವು ಕಂಡೊಡನೆ ಮೀನುಗಾರಿಕೆ ಇಲಾಖೆಯ ಕಚೇರಿಗೆ ತಿಳಿಸಬೇಕು.