ನೀರು ಕಂಡಲ್ಲಿ ಊರು

ಮಧುಗಿರಿಯ ಬೆಟ್ಟವನ್ನು ಹತ್ತಿ ಬಂದವರು ಕೋಟೆಯ ಮಾತನ್ನೇ ಆಡುತ್ತಾರೆ. ಆದರೆ ಆ ಊರು ಹುಟ್ಟಿದ ಕತೆಯಲ್ಲಿ ಮೊದಲು ಬರುವುದು ಕೋಟೆಯಲ್ಲ, ಒಂದು ಕುರಿ. ರಾಜಾ ಹಿರೇಗೌಡನೆಂಬ ಪಾಳೆಯಗಾರನ ಕುರಿಯೊಂದು ಮಂದೆ ತಪ್ಪಿಸಿಕೊಂಡು ಹೋಗಿ, ಮೈಯೆಲ್ಲ ನೀರು ತೊಟ್ಟಿಕ್ಕುತ್ತ ಹಿಂತಿರುಗಿತಂತೆ. ಅದು ಹೋದ ಜಾಡನ್ನು ಹುಡುಕಿದ ಗೌಡನಿಗೆ ಒಂದು ಬುಗ್ಗೆ ಸಿಕ್ಕಿತು. ಅಲ್ಲಿ ಅವನು ಊರು ಕಟ್ಟಿದ. ಹಿಂದೆ ಮದ್ದಗಿರಿ ಎನ್ನಿಸಿಕೊಂಡಿದ್ದ ಊರು ಇದೇ. ಕತೆ ನಡೆದದ್ದೋ ಕಟ್ಟಿದ್ದೋ ಹೇಳಲಾಗದು. ಕಟ್ಟಿದ್ದಾದರೆ, ಕಟ್ಟಿದವನಿಗೆ ಈ ಸೀಮೆಯ ಗುಟ್ಟು ಚೆನ್ನಾಗಿ ಗೊತ್ತಿತ್ತು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳೂ ಬಯಲುಸೀಮೆಯ ಮಳೆ ನಂಬಿದವು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿ, ಕೊರಟಗೆರೆಯ ಮಗ್ಗುಲಲ್ಲಿ ಹರಿಯುವ ಸುವರ್ಣಮುಖಿ, ಎರಡೂ ಹೆಸರಿಗೆ ಹೊಳೆಗಳು. ವರ್ಷದ ಬಹುಭಾಗ ಮರಳಿನ ಹಾದಿಗಳು. ಇಂಥಲ್ಲಿ ಊರು ಕಟ್ಟುವವನು ಮಳೆಗಾಲದಲ್ಲಿ ನೀರೆಲ್ಲಿದೆ ಎಂದು ನೋಡಿದರೆ ಸಾಲದು, ಬೇಸಗೆಯಲ್ಲಿ ಎಲ್ಲಿ ಉಳಿಯುತ್ತದೆ ಎಂದು ನೋಡಬೇಕು. ಅದು ದನಕುರಿ ಮೇಯಿಸುವವನಿಗೆ ಮೊದಲು ತಿಳಿಯುವ ವಿದ್ಯೆ. ಈ ಭಾಗದಲ್ಲಿ ‘ಹಟ್ಟಿ’ ಎಂದು ಕೊನೆಗೊಳ್ಳುವ ಊರ ಹೆಸರುಗಳು ಹೇರಳವಾಗಿರುವುದೂ, ಕಾಡುಗೊಲ್ಲರ ಹಟ್ಟಿಗಳು ಮುಳ್ಳುಬೇಲಿಯ ಆವರಣದೊಳಗೆ ಬೆಳೆದುಬಂದುದೂ ಇದಕ್ಕೆ ಸಾಕ್ಷಿ. ಮಂದೆ ತಂಗಿದ ಕಡೆ ಗುಡಿಸಲು ಎದ್ದಿತು. ಗುಡಿಸಲ ಸುತ್ತ ರಾಗಿ ಬೆಳೆಯಿತು.

ಉಳಿಯುವ ನೀರಿಗೆ ಇಲ್ಲಿಯವರು ಇಟ್ಟ ಹೆಸರು ತಲಪರಿಗೆ. ಪಟ್ಟಣದಲ್ಲಿ ಕೊಳಾಯಿ ತಿರುಗಿಸಿ ಬಿಂದಿಗೆ ತುಂಬುವ ನಮಗೆ ಇದನ್ನು ಸ್ವಲ್ಪ ವಿವರಿಸಬೇಕು. ಕಲ್ಲುನೆಲದ ಮೇಲೆ ಮರಳು ಹಾಸಿರುವ ಕಡೆ ಮಳೆನೀರು ಇಂಗಿ, ಕೆಳಗಿನ ಗಟ್ಟಿ ಪದರದ ಮೇಲೆ ಮೆಲ್ಲಗೆ ಜಾರುತ್ತಿರುತ್ತದೆ. ಹೊಳೆಯ ಪಾತ್ರದಲ್ಲೋ ತಗ್ಗುನೆಲದಲ್ಲೋ ಕೆಲವು ಅಡಿ ಅಗೆದರೆ ಒಸರು ಕಾಣಿಸುತ್ತದೆ. ಅಲ್ಲಿಂದ ನೆಲದ ಇಳಿಜಾರಿಗಿಂತ ಕಡಿಮೆ ಇಳಿಜಾರಿನ ಕಿರುಗಾಲುವೆ ತೋಡಿಕೊಂಡು ಹೋದರೆ, ಮುಂದೆ ಎಲ್ಲಿಯೋ ನೀರು ತಾನಾಗಿ ಗದ್ದೆಯ ಮಟ್ಟಕ್ಕೆ ಬಂದುಬಿಡುತ್ತದೆ. ಎತ್ತು ಬೇಡ, ಏತ ಬೇಡ. ಹೊಳೆ ಒಣಗಿರುವಾಗ ಅದರ ಒಡಲಿನಿಂದಲೇ ಬತ್ತ ಬೆಳೆದ ಜನ ಇವರು!

ಆದರೆ ಕಾಲುವೆಗೆ ಮರಳು ಕುಸಿಯುವುದು ತಪ್ಪದು. ಆದ್ದರಿಂದ ಜಮೀನುಳ್ಳ ಪ್ರತಿಯೊಬ್ಬನೂ ಆಳು ಕೊಟ್ಟು ವರ್ಷಕ್ಕೊಮ್ಮೆ ಅದನ್ನು ತೋಡಿ ಶುದ್ಧಮಾಡಬೇಕು. ನೀರನ್ನು ಸರದಿಯಂತೆ ಹಂಚಿಕೊಳ್ಳಬೇಕು. ಒಬ್ಬಂಟಿ ಗುಡಿಸಲಿನಿಂದ ಆಗುವ ಕೆಲಸವಲ್ಲ ಇದು. ನಾಲ್ಕು ಮನೆ ಹಳ್ಳಿಯಾದುದು ಇಂಥ ಕಟ್ಟುಪಾಡಿನಿಂದ ಎಂದು ನನಗೆ ತೋರುತ್ತದೆ. ಊರ ನಡುವೆ ಕರುಗಲ್ಲು ನೆಟ್ಟರು, ಕೆರೆ ಕಟ್ಟಿದರು. ಕಮ್ಮಾರ, ಬಡಗಿ, ಕುಂಬಾರ, ಅಗಸರನ್ನು ಕರೆಸಿ ಕಣದಲ್ಲಿ ಆಯ ಗೊತ್ತುಮಾಡಿದರು. ನೀರು ಹಾಯಿಸುವುದಕ್ಕೆ ನೀರುಗಂಟಿ ಬಂದ. ಅನೇಕ ಕಡೆ ಅವನು ಊರಾಚೆಯ ಕೇರಿಯವನು. ಊರಿನ ಗದ್ದೆಗೆಲ್ಲ ನೀರು ಬಿಡುವ ಅವನಿಗೆ ಊರ ಬಾವಿಯಲ್ಲಿ ಒಂದು ಕೊಡ ಸೇದುವ ಹಕ್ಕಿರಲಿಲ್ಲ. ಹಿಂದಿನ ಒಗ್ಗಟ್ಟನ್ನು ಕೊಂಡಾಡುವಾಗ ಈ ಮಾತನ್ನು ಮರೆಯಬಾರದು.

ಅರಸರು ಕಟ್ಟಿದ ಪಟ್ಟಣದ ಕತೆ ಬೇರೆ. ರತ್ನಗಿರಿಯ ರಂಗಪ್ಪನಾಯಕ ಶಿರಾ ಕೋಟೆಗೆ ಕೈಹಾಕಿದ. ಅದು ಮುಗಿಯುವ ಮೊದಲೇ, 1638ರಲ್ಲಿ, ಬಿಜಾಪುರದ ರಣದುಲ್ಲಾಖಾನ ಬಂದು ಗೆದ್ದ. 1687ರಿಂದ ಅದು ಮೊಗಲರ ಸುಬಾದ ರಾಜಧಾನಿ. ಮುಂದೆ ಟಿಪ್ಪು ಅಲ್ಲಿಂದ 12,000 ಸಂಸಾರಗಳನ್ನು ಶ್ರೀರಂಗಪಟ್ಟಣದ ಬಳಿಯ ಗಂಜಾಮಿಗೆ ಸಾಗಿಸಿದನೆಂದು ಹೇಳಿಕೆ. ಅಪ್ಪಣೆಯಿಂದ ತುಂಬಿದ ಊರು ಅಪ್ಪಣೆಯಿಂದ ಬರಿದಾಯಿತು.

ಹಳ್ಳಿಯನ್ನು ಬರಿದುಮಾಡುತ್ತಿದ್ದುದು ಬರ. 1871ರಲ್ಲಿ 50 ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ, 1876-78ರ ಕ್ಷಾಮ ಕಳೆದಮೇಲೆ, 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಜನವಿಲ್ಲದ ಗ್ರಾಮವನ್ನು ಕಂದಾಯದ ಕಡತಗಳಲ್ಲಿ ‘ಬೇಚರಾಕ್’ ಎಂದು ಬರೆಯುತ್ತಾರೆ. ಪಾರಸಿಯ ಮಾತು; ದೀಪವಿಲ್ಲದ್ದು ಎಂದು ಅರ್ಥ. ಲೆಕ್ಕದ ಪುಸ್ತಕದಲ್ಲಿ ಇಂಥ ಮಾತು ಹೇಗೆ ಬಂದು ಕುಳಿತಿತೋ!

ಗ್ರಾಮದ ವಂಶಪಾರಂಪರ್ಯ ಅಧಿಕಾರಗಳನ್ನು 1961ರ ಕಾಯಿದೆ ರದ್ದುಮಾಡಿತು. ಅದು ಆಗಬೇಕಾದುದೇ, ಆದರೆ ನೀರುಗಂಟಿಯ ಕೆಲಸಕ್ಕೆ ಬದಲಿಯಾಗಿ ಅನೇಕ ಊರುಗಳಲ್ಲಿ ಯಾರೂ ಬರಲಿಲ್ಲ. ಆಮೇಲೆ ಕೊಳವೆಬಾವಿ ಬಂತು. ತನ್ನ ಹೊಲದಲ್ಲಿ ತಾನೇ ಕೊರೆಸಿಕೊಂಡವನಿಗೆ ತಲಪರಿಗೆಯ ಸರದಿ ಏಕೆ? ನೂರಾರು ಅಡಿ ಆಳದಿಂದ ಎತ್ತಿದಂತೆ ಮೇಲಿನ ಒಸರು ಇಂಗಿತು; ಹೊಳೆಯ ಮರಳು ಲಾರಿ ಏರಿತು. ಪಾವಗಡದ ಕಡೆ ಆಳದ ನೀರಿನಲ್ಲಿ ಫ್ಲೋರೈಡು ಬೆರೆತು, ಹಲ್ಲು ಮೂಳೆಗಳಿಗೆ ಕೇಡಾಯಿತು.

ಈಚೆಗೆ ಕೆಲವು ಹಳ್ಳಿಗಳವರು ಮುಚ್ಚಿಹೋದ ತಲಪರಿಗೆಗಳ ಹೂಳನ್ನು ಮತ್ತೆ ತೆಗೆದಿದ್ದಾರೆ. ಹಿಂದೆ ಮನೆಗೊಂದು ಆಳಿನಂತೆ ಮಾಡುತ್ತಿದ್ದ ಕೆಲಸ ಅದು. ಈಗ ಆಳು ಬೆಂಗಳೂರಿನಲ್ಲಿರುತ್ತಾನೆ.