ಪಟ್ಟೆಪಟ್ಟೆ ಕ್ರೋಶಾ ಹೊದಿಕೆ: ನಂಬಿದ್ದು ಯಾವುದು, ನಿಜ ಯಾವುದು

ಡೊಂಬಿವಲಿ, ಕಲ್ಯಾಣ, ಥಾಣೆ, ನವಿಮುಂಬಯಿಯ ಕನ್ನಡ ಮನೆಗಳಿಗೆ ಕ್ರೋಶಾ ಕೆಲಸ ಹೊಸತಲ್ಲ. ಬಾಗಿಲಿನ ತೋರಣ, ಹಳದಿ ಕುಂಕುಮದ ತಟ್ಟೆಗೆ ಮುಚ್ಚುವ ರುಮಾಲು, ಮಗುವಿನ ಟೋಪಿ, ಎಲ್ಲವೂ ಕ್ರೋಶಾದ ಕೊಕ್ಕೆಸೂಜಿಯಿಂದ ಬಂದವೇ. ಮರಾಠಿ ನೆರೆಯವರಿಂದ ಕಲಿತವರು ಇಂದಿಗೂ ಸಾಖಳಿ, ಖಾಂಬ, ಮುಕಾ ಖಾಂಬ ಎಂದೇ ಎಣಿಸುತ್ತಾರೆ. ಊರಿನಲ್ಲಿ ಕಲಿತು ಬಂದವರಿಗೆ ಅದೇ ಚೈನು, ಕಂಬ. ಈಚೆಗೆ ಯೂಟ್ಯೂಬ್ ನೋಡಿ, ಮಂಚ ತುಂಬುವಂಥ ಬಣ್ಣಬಣ್ಣದ ಪಟ್ಟೆಯ ಹೊದಿಕೆಗೆ ಕೈಹಾಕುವವರು ಹೆಚ್ಚಾಗಿದ್ದಾರೆ. ಆದರೆ ಶುರು ಮಾಡಿದ್ದೆಲ್ಲ ಮುಗಿಯುವುದಿಲ್ಲ. ಎಷ್ಟೋ ಹೊದಿಕೆಗಳು ಅರ್ಧಕ್ಕೇ ನಿಂತು ಕಪಾಟಿನ ಮೇಲಿನ ಚೀಲ ಸೇರುತ್ತವೆ. ಕೈ ಓಡದೆ ಹೀಗಾಗುವುದು ಕಡಿಮೆ. ನೂಲಿನ ಬಗ್ಗೆ, ಲೆಕ್ಕದ ಬಗ್ಗೆ ತಪ್ಪು ತಿಳಿದು ಶುರು ಮಾಡಿದ್ದೇ ಹೆಚ್ಚಿನ ಸಲ ಕಾರಣ. ಹಾಗೆ ಬೇರೂರಿದ ಕೆಲವು ನಂಬಿಕೆಗಳನ್ನು ಇಲ್ಲಿ ಒರೆಗೆ ಹಚ್ಚಿದ್ದೇನೆ.

“ಉಲ್ಲನ್ ಎಂದರೆ ಕುರಿಯ ಉಣ್ಣೆ”

ನಮ್ಮ ಸ್ಟೇಷನ್ ರಸ್ತೆಯ ಅಂಗಡಿಗಳಲ್ಲಿ ಉಲ್ಲನ್ ಎಂದು ಕೇಳಿದರೆ ಕೈಗೆ ಬರುವುದು ಬಹುಪಾಲು ಅಕ್ರಿಲಿಕ್. ಪೆಟ್ರೋಲಿಯಂ ಮೂಲದ ರಾಸಾಯನಿಕದಿಂದ ಮಾಡಿದ ನೂಲು ಅದು. ಕುರಿಗೂ ಅದಕ್ಕೂ ಸಂಬಂಧವಿಲ್ಲ. ಉಂಡೆಗೆ ಸುತ್ತಿದ ಚೀಟಿಯಲ್ಲಿ ಇದು ಬರೆದಿರುತ್ತದೆ, ನಾವು ಬಣ್ಣ ನೋಡಿ ಚೀಟಿ ಎಸೆಯುತ್ತೇವೆ. ಚಳ್ಳಕೆರೆಯ ಕಂಬಳಿ ದಖ್ಖನಿ ಕುರಿಯ ಉಣ್ಣೆಯದು. 1925ರಲ್ಲಿ ಥಾಣೆಯಲ್ಲಿ ಶುರುವಾಗಿ ಮುಂದೆ ರೇಮಂಡ್ ಎಂದು ಹೆಸರಾದ ಗಿರಣಿಯಲ್ಲಿ ನೂತದ್ದೂ ಉಣ್ಣೆಯೇ. ಆ ಗಿರಣಿಯ ಜಾಗದಲ್ಲಿ ಈಗ ವಸತಿ ಗೋಪುರಗಳು ಎದ್ದಿವೆ. ಊರಲ್ಲಿ ಗಿರಣಿಯೂ ಇಲ್ಲ, ಅಂಗಡಿಯಲ್ಲಿ ಉಣ್ಣೆಯೂ ಅಪರೂಪ.

ಚೀಟಿ ಕಳೆದುಹೋಗಿದ್ದರೆ ಬೆರಳುದ್ದದ ತುಂಡನ್ನು ಚಿಮಟದಲ್ಲಿ ಹಿಡಿದು, ಕೆಳಗೆ ನೀರಿನ ಬಟ್ಟಲಿಟ್ಟು ಸುಟ್ಟು ನೋಡಬಹುದು. ಉಣ್ಣೆ ಕೂದಲು ಸುಟ್ಟ ವಾಸನೆ ಬಂದು ತಾನೇ ಆರುತ್ತದೆ, ಉಳಿದದ್ದು ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ಅಕ್ರಿಲಿಕ್ ಕರಗುತ್ತ ಕಪ್ಪು ಹೊಗೆ ಬಿಟ್ಟು ಗಟ್ಟಿ ಗುಂಡಾಗುತ್ತದೆ.

ಅಕ್ರಿಲಿಕ್ ಕೀಳು ಎಂದು ನಾನು ಹೇಳುವುದಿಲ್ಲ. ಬೆಲೆ ಕಡಿಮೆ, ತೊಳೆಯಲು ಸುಲಭ, ಬಣ್ಣಗಳು ಹೇರಳ. ಮೊದಲ ಪಟ್ಟೆ ಹೊದಿಕೆಗೆ ಅದೇ ಸರಿ. ಆದರೆ ಅಕ್ರಿಲಿಕ್ ಎಂದು ಗೊತ್ತಿದ್ದೇ ಬಳಸಬೇಕು. ಬಿಸಿ ಇಸ್ತ್ರಿ ಇಟ್ಟರೆ ಹೆಣಿಗೆಯ ಉಬ್ಬು ಸತ್ತು ಜೋತುಬೀಳುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ದೇವರ ದೀಪ, ಸೊಳ್ಳೆಬತ್ತಿ, ಒಲೆ ಇರುವ ಕಡೆ ಅದನ್ನು ಹೊದ್ದು ಕೂರಬೇಡಿ. ನುಸಿ ತಿನ್ನುವುದು ಉಣ್ಣೆಯನ್ನು, ಅದರಲ್ಲಿರುವ ಕೆರಾಟಿನ್‌ಗಾಗಿ. ಶುದ್ಧ ಅಕ್ರಿಲಿಕ್ ಹೊದಿಕೆಯ ಮಡಿಕೆಯಲ್ಲಿ ನುಸಿಗುಳಿಗೆ ಇಡುವುದು ವ್ಯರ್ಥ.

“ಇಲ್ಲಿನ ಸೆಕೆಗೆ ಹೊದಿಕೆ ಯಾಕೆ?”

ಹೊದಿಕೆ ಬಿಸಿಯೋ ತಂಪೋ ಎಂಬುದು ನೂಲು ಮತ್ತು ಹೆಣಿಗೆ ಎರಡರ ಮೇಲೆ ನಿಂತಿದೆ. ಹತ್ತಿ ನೂಲಿನಲ್ಲಿ, ನಡುನಡುವೆ ಸಾಖಳಿ ಬಿಟ್ಟು ಜಾಳಾಗಿ ಹೆಣೆದದ್ದು ಗಾಳಿಯಾಡುತ್ತದೆ, ಏಸಿ ಕೋಣೆಗೆ ಹಿತ. ಒತ್ತೊತ್ತಾಗಿ ಅಕ್ರಿಲಿಕ್‌ನಲ್ಲಿ ಹೆಣೆದದ್ದು ಜನವರಿಯ ಕಲ್ಯಾಣ-ಬದ್ಲಾಪುರದ ಬೆಳಗಿನ ಚಳಿಗೆ ಆಗುತ್ತದೆ. ಮಳೆಗಾಲದ ಹಾಸಿಗೆಗೆ ದಪ್ಪ ಹತ್ತಿ ಮಾತ್ರ ಬೇಡ. ಒಮ್ಮೆ ನೆನೆದರೆ ಒಣಗುವುದೇ ಇಲ್ಲ.

“ಹತ್ತು ಉಂಡೆ ತಂದರೆ ಸಾಕು, ಕಡಿಮೆ ಬಿದ್ದರೆ ಮತ್ತೆ ತಂದರಾಯಿತು”

ಹೊದಿಕೆಗಳು ಅರ್ಧಕ್ಕೆ ನಿಲ್ಲಲು ಇದೇ ದೊಡ್ಡ ಕಾರಣ. ನೂಲು ಎಷ್ಟು ಬೇಕೆಂದು ಅಂದಾಜಿನ ಮೇಲೆ ಬಿಡಬೇಕಿಲ್ಲ. ನಿಮ್ಮದೇ ಸೂಜಿ, ನಿಮ್ಮದೇ ನೂಲಿನಲ್ಲಿ ಹತ್ತು ಸೆಂಟಿಮೀಟರ್ ಚೌಕದ ಒಂದು ತುಂಡು ಹೆಣೆದು, ಅಕ್ಕಸಾಲಿಗರ ಬಳಿಯೋ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲೋ ತೂಗಿಸಿ. ಒಬ್ಬರು ಹೊದೆಯುವ ಹೊದಿಕೆ 150 ಸೆಂ.ಮೀ. ಅಗಲ, 200 ಸೆಂ.ಮೀ. ಉದ್ದ ಎಂದುಕೊಳ್ಳೋಣ. ಅದರಲ್ಲಿ ಅಂಥ ಚೌಕಗಳು 300. ತುಂಡು ನಾಲ್ಕೂವರೆ ಗ್ರಾಂ ತೂಗಿದರೆ ಹೊದಿಕೆಗೆ ಬೇಕಾದದ್ದು 1,350 ಗ್ರಾಂ. ಆರು ಬಣ್ಣಗಳಿಗೆ ಸಮನಾಗಿ ಹಂಚಿದರೆ ತಲಾ 225 ಗ್ರಾಂ. ಅಂದರೆ ಪ್ರತಿ ಬಣ್ಣದಲ್ಲಿ ನೂರು ಗ್ರಾಮಿನ ಮೂರು ಉಂಡೆ, ಮಿಕ್ಕದ್ದು ಅಂಚಿಗೆ.

ಇದೆಲ್ಲವನ್ನೂ ಒಂದೇ ಸಲ ಕೊಳ್ಳಬೇಕು. ಯಾಕೆಂದರೆ, ಚೀಟಿಯಲ್ಲಿ ಶೇಡ್ ನಂಬರಿನ ಜೊತೆ ಲಾಟ್ ನಂಬರೂ ಇರುತ್ತದೆ. ಶೇಡ್ ಒಂದೇ ಆದರೂ ಬೇರೆ ಲಾಟ್ ಎಂದರೆ ಬಣ್ಣದ ಬೇರೆ ತೊಟ್ಟಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಕಾಣದ ವ್ಯತ್ಯಾಸ ಮನೆಯ ಬಿಸಿಲಿನಲ್ಲಿ ಎದ್ದು ಕಾಣುತ್ತದೆ. ಪಟ್ಟೆ ಹೊದಿಕೆಗೆ ಇಲ್ಲಿ ಒಂದು ಅನುಕೂಲವಿದೆ: ಎರಡು ಲಾಟುಗಳ ನೂಲು ಬೇರೆಬೇರೆ ಪಟ್ಟೆಗೆ ಬಿದ್ದರೆ, ನಡುವೆ ಬೇರೆ ಬಣ್ಣಗಳಿರುವುದರಿಂದ ಕಣ್ಣು ಗುರುತಿಸುವುದು ಕಷ್ಟ. ಒಂದೇ ಪಟ್ಟೆಯ ಒಳಗೆ ಲಾಟ್ ಬದಲಾಗದಂತೆ ನೋಡಿಕೊಂಡರೆ ಸಾಕು.

“ಅಂಚು ನೆಟ್ಟಗೆ ಬರಲು ಹುಟ್ಟಿನಿಂದಲೇ ಕೈ ಬೇಕು”

ಬೇಕಾದ್ದು ಎಣಿಕೆ. ಖಾಂಬದ ಸಾಲಿನಲ್ಲಿ ತಿರುಗುವಾಗ ಹಾಕುವ ಮೂರು ಸಾಖಳಿಯನ್ನು ಸಾಮಾನ್ಯವಾಗಿ ಮೊದಲ ಖಾಂಬ ಎಂದೇ ಲೆಕ್ಕ ಹಿಡಿಯುತ್ತಾರೆ. ಹಾಗಾದರೆ ಅದರ ಬುಡದಲ್ಲಿ ಇನ್ನೊಂದು ಖಾಂಬ ಹಾಕಬಾರದು, ಮತ್ತು ಸಾಲಿನ ಕೊನೆಯ ಖಾಂಬವನ್ನು ಹಿಂದಿನ ಸಾಲಿನ ಆ ಮೂರು ಸಾಖಳಿಯ ತುದಿಗೇ ಹಾಕಬೇಕು. ಬುಡದಲ್ಲಿ ಹಾಕಿದರೆ ಹೊದಿಕೆ ಅಗಲವಾಗುತ್ತ ಹೋಗುತ್ತದೆ, ತುದಿಯನ್ನು ಮರೆತರೆ ಕಿರಿದಾಗುತ್ತ ಹೋಗುತ್ತದೆ. ಸಾಲಿಗೆ ಒಂದೊಂದೇ ತಪ್ಪಿದರೂ ಮೂವತ್ತು ಸಾಲಿಗೆ ಮೂವತ್ತು ಖಾಂಬ, ಅಂದರೆ ಒಂದು ಗೇಣಿನ ಆಚೀಚೆ. ಮೊದಲ ಮತ್ತು ಕೊನೆಯ ಖಾಂಬಕ್ಕೆ ಬೇರೆ ಬಣ್ಣದ ದಾರದ ತುಂಡೊಂದನ್ನು ಸಿಕ್ಕಿಸಿ, ಸಾಲು ಬದಲಾದಂತೆ ಮೇಲಕ್ಕೆ ಸರಿಸುತ್ತ ಹೋದರೆ ಈ ತಪ್ಪು ಆಗುವುದೇ ಇಲ್ಲ.

ಕೆಳ ಅಂಚು ಸುಕ್ಕಾಗಿ ಬಿಲ್ಲಿನಂತೆ ಬಾಗುವುದಕ್ಕೆ ಕಾರಣ ಬೇರೆ. ಮೊದಲ ಸಾಖಳಿ ಬಿಗಿಯಾಗಿರುತ್ತದೆ. ಅದಷ್ಟನ್ನು ಒಂದು ಅಳತೆ ದೊಡ್ಡ ಸೂಜಿಯಲ್ಲಿ ಹಾಕಿ, ಆಮೇಲೆ ನಿಮ್ಮ ಸೂಜಿಗೆ ಬನ್ನಿ.

ಬಣ್ಣ ಬದಲಿಸುವ ಜಾಗದ ಬಗ್ಗೆಯೂ ಒಂದು ಮಾತು. ಸಾಲು ಪೂರ್ತಿ ಮುಗಿಸಿ, ತಿರುಗಿ, ಆಮೇಲೆ ಹೊಸ ಬಣ್ಣ ಹಿಡಿದರೆ ಅಂಚಿನಲ್ಲಿ ಹಳೆಯ ಬಣ್ಣದ ಚುಕ್ಕೆ ಉಳಿಯುತ್ತದೆ. ಹಳೆಯ ಸಾಲಿನ ಕೊನೆಯ ಖಾಂಬದಲ್ಲಿ ಸೂಜಿಯ ಮೇಲೆ ಎರಡು ಕುಣಿಕೆ ಉಳಿದಾಗ ಹೊಸ ಬಣ್ಣವನ್ನು ಎಳೆದು ಮುಗಿಸಿ. ಪಟ್ಟೆ ಗೀರೆಳೆದಂತೆ ಬರುತ್ತದೆ.

“ದಾರದ ತುದಿಗೆ ಗಂಟು ಹಾಕಿ ಕತ್ತರಿಸಿದರಾಯಿತು”

ಗಂಟು ಬಿಚ್ಚಿಕೊಳ್ಳುತ್ತದೆ, ಇಲ್ಲವೇ ಹೊದಿಕೆಯ ಮೇಲ್ಮುಖಕ್ಕೆ ಬಂದು ಚುಚ್ಚುತ್ತದೆ. ಅಕ್ರಿಲಿಕ್ ನುಣುಪು ನೂಲು, ಒಗೆತಕ್ಕೆ ಗಂಟು ನಿಲ್ಲುವುದಿಲ್ಲ. ಗೇಣುದ್ದ ದಾರ ಬಿಟ್ಟು, ದಪ್ಪ ಕಣ್ಣಿನ ಸೂಜಿಯಲ್ಲಿ ಅದೇ ಬಣ್ಣದ ಸಾಲಿನೊಳಗೆ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ, ಮತ್ತೊಮ್ಮೆ ಮುಂದಕ್ಕೆ ತೂರಿಸಬೇಕು. ಎರಡೆರಡು ಸಾಲಿಗೆ ಬಣ್ಣ ಬದಲಿಸುವ 150 ಸಾಲಿನ ಹೊದಿಕೆಯಲ್ಲಿ 75 ಪಟ್ಟೆ, 150 ತುದಿ. ಎಲ್ಲವನ್ನೂ ಕೊನೆಗೆ ಇಟ್ಟುಕೊಂಡರೆ ಯಾರಿಗಾದರೂ ಬೇಸರ ಬರುತ್ತದೆ, ದಿನದ ತುದಿಯನ್ನು ದಿನವೇ ಮುಗಿಸಿ. ಎರಡು ಮೂರು ಬಣ್ಣ ಮಾತ್ರ ಸರದಿಯಲ್ಲಿದ್ದರೆ ಕತ್ತರಿಸುವುದೇ ಬೇಡ. ಎರಡು ಸಾಲಿನ ಪಟ್ಟೆ ಹೊರಟ ಅಂಚಿಗೇ ಮರಳುತ್ತದೆ, ಅಲ್ಲಿ ಕಾಯುತ್ತಿರುವ ದಾರವನ್ನು ಸಡಿಲವಾಗಿ ಮೇಲಕ್ಕೆ ಒಯ್ಯಬಹುದು.

ದೊಡ್ಡ ಹೊದಿಕೆಯನ್ನು ಪ್ರಯಾಣದಲ್ಲಿ ಹೆಣೆಯಲಾಗದು ಎನ್ನುವವರಿಗೆ: ಒಂದು ಗೇಣು ಅಗಲದ ಉದ್ದ ಪಟ್ಟಿಗಳನ್ನು ಬೇರೆಬೇರೆಯಾಗಿ ಹೆಣೆದು ಕೊನೆಗೆ ಜೋಡಿಸುವುದು ಹಳೆಯ ಕ್ರಮ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಸ್ಲೋ ಲೋಕಲ್‌ನಲ್ಲಿ ಒಂದು ಗಂಟೆಗೂ ಮೀರಿದ ಹಾದಿ. ಕೂರಲು ಜಾಗ ಸಿಕ್ಕ ದಿನ ಪಟ್ಟಿ ಮಡಿಲಲ್ಲೇ ಬೆಳೆಯುತ್ತದೆ. ಬೆಳಗಿನ ನೂಕುನುಗ್ಗಲಿನಲ್ಲಿ ಮಾತ್ರ ಸೂಜಿ ಹೊರತೆಗೆಯಬೇಡಿ.

“ದಿನಕ್ಕೊಂದು ಬಣ್ಣದ ಉಷ್ಣಾಂಶದ ಹೊದಿಕೆ ನಾವೂ ಹೆಣೆಯಬಹುದು”

ದಿನದ ಉಷ್ಣಾಂಶ ನೋಡಿ ಅದಕ್ಕೆ ತಕ್ಕ ಬಣ್ಣದಲ್ಲಿ ದಿನಕ್ಕೊಂದು ಸಾಲು, ವರ್ಷಕ್ಕೊಂದು ಹೊದಿಕೆ. ವಿದೇಶದಿಂದ ಬಂದ ಸೊಗಸಾದ ರೂಢಿ. ಆದರೆ ಉಷ್ಣಾಂಶಕ್ಕೆ ಬಣ್ಣ ಹೊಂದಿಸುವ ಆ ಕೋಷ್ಟಕಗಳು ಹಿಮ ಬೀಳುವ ಊರಿನವು. ಇಲ್ಲಿ ಹಗಲಿನ ಬಿಸಿ ವರ್ಷದ ಬಹುಪಾಲು ಒಂದು ಸಣ್ಣ ಅಂತರದಲ್ಲೇ ಆಡುತ್ತದೆ. ಐದೈದು ಡಿಗ್ರಿಗೆ ಒಂದು ಬಣ್ಣ ಎಂದರೆ ಹೊದಿಕೆ ಮುಕ್ಕಾಲು ಪಾಲು ಒಂದೇ ಬಣ್ಣವಾಗುತ್ತದೆ. ಅಳತೆಯೂ ಕೈಕೊಡುತ್ತದೆ: ಹತ್ತು ಸೆಂಟಿಮೀಟರಿಗೆ ಏಳೂವರೆ ಸಾಲು ಬರುವ ಖಾಂಬದಲ್ಲಿ 365 ಸಾಲು ಹಾಕಿದರೆ ಉದ್ದ ಐದು ಮೀಟರಿನ ಹತ್ತಿರ, ಹೆಚ್ಚುಕಡಿಮೆ ಒಂದು ಸೀರೆಯಷ್ಟು.

ನಮ್ಮ ಊರಿನ ಕಥೆ ಬಿಸಿಲಿನಲ್ಲಿಲ್ಲ, ಮಳೆಯಲ್ಲಿದೆ. ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ 122 ದಿನ. ದಿನಕ್ಕೊಂದು ಖಾಂಬದ ಸಾಲು ಹಾಕಿದರೆ ಸುಮಾರು 163 ಸೆಂಟಿಮೀಟರ್, ಕಾಲಿನ ಮೇಲೆ ಹೊದ್ದುಕೊಳ್ಳಲು ಸರಿಯಾದ ಉದ್ದ. ಬಣ್ಣದ ಹಂತಗಳನ್ನು ನಾವೇ ಕಲ್ಪಿಸಬೇಕಿಲ್ಲ, ಹವಾಮಾನ ಇಲಾಖೆಯೇ ಕೊಟ್ಟಿದೆ. ದಿನಕ್ಕೆ 2.5ರಿಂದ 15.5 ಮಿಲಿಮೀಟರ್ ಹಗುರ ಮಳೆ, 64.4ರವರೆಗೆ ಸಾಧಾರಣ, 64.5ರಿಂದ 115.5 ಭಾರಿ, 204.4ರವರೆಗೆ ಅತಿ ಭಾರಿ, ಅದಕ್ಕೂ ಮೇಲಿನದು ಅತ್ಯಂತ ಭಾರಿ. ಒಣ ದಿನಕ್ಕೆ ಒಂದು ಬಣ್ಣ ಸೇರಿಸಿದರೆ ಆರು ಬಣ್ಣ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ ಬಿದ್ದದ್ದು 944 ಮಿಲಿಮೀಟರ್. ಕಲ್ಯಾಣ-ಡೊಂಬಿವಲಿಯ ನೆಲಮಹಡಿಯವರು ಆ ದಿನವನ್ನು ಮರೆತಿಲ್ಲ. ಆ ವರ್ಷದ ಮಳೆಯನ್ನು ಯಾರಾದರೂ ಹೆಣೆದರೆ ಅತಿ ಗಾಢ ಬಣ್ಣದ ಆ ಒಂದು ಸಾಲು ಹೊದಿಕೆಯ ನಡುವೆ ನಿಲ್ಲುತ್ತದೆ. ದಿನದಿನವೂ ಬಣ್ಣ ಬದಲಾಗುವ ಈ ಹೊದಿಕೆಯಲ್ಲಿ ತುದಿಗಳನ್ನು ತೂರಿಸುವುದೂ ಬೇಡ. ಪ್ರತಿ ಸಾಲಿನ ಎರಡೂ ಕಡೆ ಗೇಣುದ್ದ ಬಿಟ್ಟು, ನಾಲ್ಕು ನಾಲ್ಕು ಸೇರಿಸಿ ಸೀರೆಯ ಸೆರಗಿಗೆ ಕಟ್ಟುವಂತೆ ಕುಚ್ಚು ಕಟ್ಟಿ.

“ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ಹೋಗುವುದಿಲ್ಲ”

ಹತ್ತಿಗೆ ಬಣ್ಣ ಕಟ್ಟುವಾಗ ಕಾರ್ಖಾನೆಯಲ್ಲಿ ಉಪ್ಪು ಬಳಸುವುದುಂಟು. ಬಣ್ಣ ಕಟ್ಟಿ ಮಾರಿದ ನೂಲನ್ನು ಮನೆಯಲ್ಲಿ ಉಪ್ಪಿಗೋ ವಿನೆಗರಿಗೋ ಹಾಕಿದರೆ ಬಿಡುವ ಬಣ್ಣ ಬಿಟ್ಟೇ ಬಿಡುತ್ತದೆ. ಕೆಂಪು, ಮರೂನ್, ಗಾಢ ನೀಲಿ ನೂಲನ್ನು ಹೆಣೆಯುವ ಮೊದಲೇ ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ. ಕಲೆ ಬಂದರೆ ಅದನ್ನು ಬಿಳಿ ಪಟ್ಟೆಯ ಪಕ್ಕ ಇಡಬೇಡಿ. ತೊಳೆದ ಹೊದಿಕೆಯನ್ನು ಬಾಲ್ಕನಿಯ ಒಂದೇ ಹಗ್ಗಕ್ಕೆ ಜೋತುಹಾಕಿದರೆ ನೀರಿನ ಭಾರಕ್ಕೆ ಉದ್ದವಾಗಿ ಜಗ್ಗುತ್ತದೆ. ಟವೆಲಿನಲ್ಲಿ ಸುತ್ತಿ ಹಿಂಡಿ, ಮೂರು ನಾಲ್ಕು ಹಗ್ಗಗಳ ಮೇಲೆ ಅಡ್ಡ ಹರಡಿ. ಜುಲೈಯಲ್ಲಿ ತೊಳೆಯದಿರುವುದೇ ಮೇಲು. ಮುಗ್ಗಲು ವಾಸನೆಗೆ ನುಸಿಗುಳಿಗೆ ಮದ್ದಲ್ಲ, ಪೂರ್ತಿ ಒಣಗಿಸಿ ಇಡುವುದೊಂದೇ ದಾರಿ.

ತೊಟ್ಟಿಲ ಮಗುವಿಗೆ ಹೆಣೆಯುವವರಿಗೆ ಒಂದು ಎಚ್ಚರಿಕೆ. ಒಂದು ವರ್ಷ ತುಂಬುವವರೆಗೆ ಮಲಗಿದ ಮಗುವಿನ ಮೇಲೆ ಸಡಿಲ ಹೊದಿಕೆ ಇರಬಾರದೆಂಬುದು ಮಕ್ಕಳ ವೈದ್ಯರ ಸಲಹೆ. ಉಡುಗೊರೆ ಕೊಡಿ, ಆದರೆ ಎಚ್ಚರವಿರುವಾಗ ನೆಲಕ್ಕೆ ಹಾಸಲು ಎಂದು ಹೇಳಿ ಕೊಡಿ.

“ಇದೆಲ್ಲ ಮಶೀನಿನಲ್ಲಿ ಬರುತ್ತದೆ, ಅಷ್ಟು ದುಡ್ಡು ಯಾಕೆ?”

ಸ್ವೆಟರ್ ಮಶೀನಿನಲ್ಲಿ ಬರುತ್ತದೆ, ಭಿವಂಡಿಯ ಪವರ್‌ಲೂಮ್ ಬಟ್ಟೆ ನೇಯುತ್ತದೆ. ನಿಜವಾದ ಕ್ರೋಶಾ ಹೆಣೆದು ಮಾರುಕಟ್ಟೆಗೆ ರಾಶಿ ಹಾಕುವ ಮಶೀನು ಮಾತ್ರ ಇನ್ನೂ ಇಲ್ಲ. ಮಶೀನಿನದೆಂದು ಮಾರುವ ಲೇಸು ಕ್ರೋಶಾದ ಹಾಗೆ ಕಾಣುವ ಬೇರೆ ಹೆಣಿಗೆ. ಕೊಕ್ಕೆಯಿಂದ ಮಾಡಿದ ಪ್ರತಿ ಖಾಂಬದ ಹಿಂದೆಯೂ ಒಂದು ಕೈ ಇದೆ. ಆಂಧ್ರದ ನರಸಾಪುರದಲ್ಲಿ ಮಿಷನರಿಗಳ ಕಾಲದಿಂದ ಮನೆಮನೆಯ ಹೆಂಗಸರು ಕ್ರೋಶಾ ಲೇಸು ಹೆಣೆಯುತ್ತಿದ್ದಾರೆ. ಅವರ ದುಡಿಮೆಯನ್ನು ಬಿಡುವಿನ ಹವ್ಯಾಸವೆಂದು ಕರೆದು ಕೂಲಿಯನ್ನು ಹೇಗೆ ಅದುಮಲಾಯಿತು ಎಂಬುದನ್ನು ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ 1982ರಲ್ಲೇ ಒಂದು ಪುಸ್ತಕದಲ್ಲಿ ವಿವರಿಸಿದರು. ಹೆಂಗಸರ ಇಂಥ ಕೈಕೆಲಸ ಎಷ್ಟು ದೊಡ್ಡದಾಗಬಲ್ಲದು ಎಂಬುದಕ್ಕೆ 2016ರ ಜನವರಿ 31ರಂದು ಚೆನ್ನೈನಲ್ಲಿ ‘ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್’ ಬಳಗ ಹರಡಿದ ಹೊದಿಕೆ ಸಾಕ್ಷಿ: 11,148.5 ಚದರ ಮೀಟರ್, ಗಿನ್ನೆಸ್ ದಾಖಲೆ.

ನಮ್ಮ ಹೊದಿಕೆಯ ಲೆಕ್ಕವನ್ನೂ ಮಾಡೋಣ. ಹತ್ತು ಸೆಂಟಿಮೀಟರಿಗೆ 14 ಖಾಂಬದಂತೆ ಸಾಲಿಗೆ 210, ಅಂಥ 150 ಸಾಲು. ಒಟ್ಟು 31,500 ಖಾಂಬ. ನಿಮಿಷಕ್ಕೆ ಇಪ್ಪತ್ತು ಹಾಕುವ ಪಳಗಿದ ಕೈಗೆ 26 ಗಂಟೆ. 150 ತುದಿಗಳಿಗೆ ಎರಡೆರಡು ನಿಮಿಷದಂತೆ ಇನ್ನೈದು ಗಂಟೆ. ಸುತ್ತ ಏಳು ಮೀಟರ್ ಅಂಚು ಬೇರೆ. ಎಂಟು ಗಂಟೆಯ ದಿನಗಳಲ್ಲಿ ಎಣಿಸಿದರೆ ನಾಲ್ಕು ದಿನಕ್ಕೂ ಮೀರಿದ ದುಡಿಮೆ. ಸಂಘದ ಮಳಿಗೆಯಲ್ಲೋ ಸೊಸೈಟಿಯ ಪ್ರದರ್ಶನದಲ್ಲೋ ಇಂಥ ಹೊದಿಕೆ ಕಂಡರೆ ನೂಲಿನ ಬೆಲೆ ಕೂಡಿಸಿ ಚೌಕಾಸಿಗೆ ಇಳಿಯಬೇಡಿ. ನಾಲ್ಕು ದಿನದ ಕೂಲಿಯನ್ನೂ ಸೇರಿಸಿ ಕೊಡಿ. ಹೆಣೆದು ಮಾರುವ ಅಕ್ಕಂದಿರೇ, ನೀವೂ ಅದನ್ನು ಬಿಟ್ಟು ಬೆಲೆ ಹೇಳಬೇಡಿ.